ಗ್ರಾಮ ಪಂಚಾಯಿತಿಯಿಂದ ಪಕ್ಷ ರಾಜಕಾರಣಕ್ಕೆ: ಮಹಿಳಾ ಘಟಕದ ಹುದ್ದೆ ಒಪ್ಪಬೇಕೇ, ಬ್ಲಾಕ್ ಸಮಿತಿಯಲ್ಲಿ ಸ್ಥಾನ ಕೇಳಬೇಕೇ?

ಕೆರೆಯಂಗಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2020ರ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಮಹಿಳೆಯರಿಗೆ ಮೀಸಲಾದ ಸ್ಥಾನದಿಂದ ಗ್ರಾಮ ಪಂಚಾಯಿತಿಗೆ ಆಯ್ಕೆಯಾದವಳು ನಾನು. ಎರಡನೆಯ 30 ತಿಂಗಳ ಅವಧಿಗೆ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಅಧ್ಯಕ್ಷೆಯಾಗಿಯೂ ಕೆಲಸ ಮಾಡಿದೆ. ಗ್ರಾಮಸಭೆ ನಡೆಸುವುದು, ಉದ್ಯೋಗ ಖಾತರಿಯ ಕ್ರಿಯಾಯೋಜನೆಗೆ ಒಪ್ಪಿಗೆ ಪಡೆಯುವುದು, ಕುಡಿಯುವ ನೀರಿನ ವಿಚಾರವಾಗಿ ತಾಲ್ಲೂಕು ಕಚೇರಿಯ ಬಾಗಿಲು ತಟ್ಟುವುದು ಇವೆಲ್ಲ ಈಗ ನನಗೆ ಹೊಸದಲ್ಲ. ಆರಂಭದಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರು ಕಡತಗಳನ್ನು ನನ್ನ ಯಜಮಾನರ ಕೈಗೆ ಕೊಡುತ್ತಿದ್ದರು. ಯಜಮಾನರೇ ‘ಅಧ್ಯಕ್ಷರು ಒಳಗಿದ್ದಾರೆ, ಅಲ್ಲಿಗೆ ಕೊಡಿ’ ಎಂದು ಹೇಳಲು ಶುರುಮಾಡಿದ ಮೇಲೆ ಆ ರೂಢಿ ನಿಂತಿತು.

ಈಗ ನಮ್ಮ ತಾಲ್ಲೂಕಿನಲ್ಲಿ ಪ್ರಬಲವಾಗಿರುವ ಒಂದು ಪಕ್ಷದ ಮುಖಂಡರು ನನ್ನನ್ನು ಕರೆದು ಮಹಿಳಾ ಘಟಕದ ತಾಲ್ಲೂಕು ಅಧ್ಯಕ್ಷ ಸ್ಥಾನವನ್ನು ವಹಿಸಿಕೊಳ್ಳುವಂತೆ ಹೇಳಿದ್ದಾರೆ. ಪಕ್ಷದ ಮುಖ್ಯ ಘಟಕವಾದ ಬ್ಲಾಕ್ ಸಮಿತಿಯಲ್ಲಿಯೇ ಏನಾದರೂ ಜವಾಬ್ದಾರಿ ಕೊಡಿ ಎಂದು ಕೇಳಿದ್ದಕ್ಕೆ, ‘ಅದು ನಿಮಗೆ ಕಷ್ಟವಾಗುತ್ತದಮ್ಮ, ರಾತ್ರಿ ಸಭೆ, ಓಡಾಟ ಎಲ್ಲಾ ಇರುತ್ತದೆ’ ಎಂಬ ಉತ್ತರ ಬಂತು. ಮುಂದೊಂದು ದಿನ ಜಿಲ್ಲಾ ಪಂಚಾಯಿತಿಗೆ ಸ್ಪರ್ಧಿಸಬೇಕೆಂಬುದು ನನ್ನ ಉದ್ದೇಶ. ಮಹಿಳಾ ಘಟಕದ ಹುದ್ದೆಯನ್ನು ಒಪ್ಪಿಕೊಂಡರೆ ಅದು ಆ ದಾರಿಗೆ ಸೇರುತ್ತದೆಯೇ, ಅಥವಾ ಅಲ್ಲಿಯೇ ಉಳಿದುಬಿಡುತ್ತೇನೆಯೇ? ಅನುಭವವಿರುವವರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಕಾರ್ಯದರ್ಶಿ

ಮೇಡಂ, ತಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದಕ್ಕೆ ಮುನ್ನ ನಮ್ಮ ವ್ಯವಸ್ಥೆಯ ರಚನೆಯಲ್ಲಿಯೇ ಇರುವ ಒಂದು ತೊಡಕನ್ನು ಗಮನಕ್ಕೆ ತರಬೇಕು, ಏಕೆಂದರೆ ತಾವು ಎದುರಿಸುತ್ತಿರುವುದು ಒಬ್ಬ ಮುಖಂಡರ ಸಣ್ಣತನವನ್ನಷ್ಟೇ ಅಲ್ಲ.

ಕರ್ನಾಟಕದಲ್ಲಿ ಮಹಿಳಾ ಮೀಸಲಾತಿ ಪಂಚಾಯಿತಿಗಳಿಗೆ ಸಾಂವಿಧಾನಿಕ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಯಿಂದ ಆರಂಭವಾದದ್ದಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯೇ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತ್ತು. ಅದರಂತೆ 1987ರಲ್ಲಿ ಚುನಾವಣೆಯೂ ನಡೆಯಿತು. 1993ರ ಕಾಯ್ದೆಯಿಂದ ಅದು ಮೂರನೇ ಒಂದು ಭಾಗವಾಯಿತು, 2010ರ ತಿದ್ದುಪಡಿಯಿಂದ ಅರ್ಧದಷ್ಟಾಯಿತು. ಸುಮಾರು 6,000 ಗ್ರಾಮ ಪಂಚಾಯಿತಿಗಳಲ್ಲಿ 90,000ಕ್ಕೂ ಹೆಚ್ಚು ಸದಸ್ಯರಿದ್ದಾರೆ ಎಂದಾಗ, ಅವರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರು ಎಂಬುದು ಸಾಮಾನ್ಯ ಸಂಗತಿಯಲ್ಲ.

ಆದರೆ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾದದ್ದು. ಅಲ್ಲಿ ಪಕ್ಷದ ಚಿಹ್ನೆಯಿಲ್ಲ, ಪಕ್ಷದ ಅಧಿಕೃತ ಅಭ್ಯರ್ಥಿಯೆಂದು ದೃಢಪಡಿಸುವ ಬಿ ಫಾರಂ ಇಲ್ಲ. ಪತ್ರಿಕೆಗಳಲ್ಲಿ ‘ಇಂಥ ಪಕ್ಷದ ಬೆಂಬಲಿತ’ ಎಂದು ಬರೆಯುತ್ತಾರೆ ನಿಜ, ಆದರೆ ಆ ಬೆಂಬಲಕ್ಕೆ ದಾಖಲೆಯೂ ಇಲ್ಲ, ಹೊಣೆಯೂ ಇಲ್ಲ. ಹಾಗಾಗಿ ಐದು ವರ್ಷ ಚೆನ್ನಾಗಿ ಕೆಲಸ ಮಾಡಿದ ಸದಸ್ಯೆಯೊಬ್ಬರ ಹೆಸರು ಯಾವ ಪಕ್ಷದ ಪುಸ್ತಕದಲ್ಲಿಯೂ ಜಮೆಯಾಗುವುದಿಲ್ಲ. ಪಕ್ಷವು ಅಧಿಕೃತವಾಗಿ ಅಭ್ಯರ್ಥಿಯನ್ನು ಹುಡುಕುವುದು, ಆಕೆಗೆ ತನ್ನ ಚಿಹ್ನೆ ಕೊಡುವುದು, ಗೆದ್ದರೆ ತನ್ನವಳೆಂದು ಲೆಕ್ಕ ಹಾಕುವುದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಯ ಮಟ್ಟದಲ್ಲಿ. ಅಲ್ಲಿಯೂ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಇರುವುದರಿಂದ, ಪಕ್ಷಗಳು ಇಷ್ಟವಿರಲಿ ಇಲ್ಲದಿರಲಿ ಪ್ರತಿ ತಾಲ್ಲೂಕಿನಲ್ಲಿಯೂ ಮಹಿಳಾ ಅಭ್ಯರ್ಥಿಗಳನ್ನು ಹುಡುಕಲೇಬೇಕಿತ್ತು.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಚುನಾವಣೆ ಕೊನೆಯದಾಗಿ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ಪುನರ್ವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿಯ ನಿಗದಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಟ್ಟಲೆ ಮುಂದಕ್ಕೆ ಹೋಯಿತು, ಆಡಳಿತಾಧಿಕಾರಿಗಳು ಬಂದು ಕುಳಿತರು. ಬೆಂಗಳೂರಿನಲ್ಲಿಯೂ ಇದೇ ಕಥೆ: 198 ವಾರ್ಡ್‌ಗಳ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಚುನಾಯಿತ ಸದಸ್ಯರೇ ಇಲ್ಲದೆ ನಗರ ನಡೆಯಿತು. ಚುನಾವಣೆ ಮುಂದೂಡಿದ್ದರಿಂದ ಗಂಡಸರಿಗೂ ನಷ್ಟವಾಯಿತು ಎನ್ನುವವರಿದ್ದಾರೆ. ಆದರೆ ಗಂಡಸರಿಗೆ ಶಾಸಕರ ಜೊತೆಗಿನ ಓಡಾಟ, ಗುತ್ತಿಗೆ, ಸಹಕಾರ ಸಂಘ, ನಿಗಮ-ಮಂಡಳಿಯ ನೇಮಕ ಎಂದು ಬೇರೆ ಹತ್ತು ದಾರಿಗಳಿವೆ. ಹೆಣ್ಣುಮಕ್ಕಳಿಗೆ ಕಾನೂನು ತೆರೆದುಕೊಟ್ಟಿದ್ದ ಮಧ್ಯದ ಮೆಟ್ಟಿಲು ಇದೊಂದೇ.

ಆದ್ದರಿಂದ ತಮ್ಮ ಮುಖಂಡರಿಗೆ ತಮ್ಮನ್ನು ಮಹಿಳಾ ಘಟಕದ ಹೊರಗೆ ಎಲ್ಲಿ ಕೂರಿಸಬೇಕೆಂಬುದೇ ತೋಚದಿದ್ದರೆ ಆಶ್ಚರ್ಯವಿಲ್ಲ. ಹುದ್ದೆ ಬೇಡ ಎನ್ನಬೇಡಿ. ಆದರೆ ಅದೊಂದರಿಂದಲೇ ಜಿಲ್ಲಾ ಪಂಚಾಯಿತಿಯ ಟಿಕೆಟ್ ಬರುತ್ತದೆಂದು ಕಾಯಬೇಡಿ ಎಂಬುದು ನನ್ನ ಅಭಿಪ್ರಾಯ.

ಲೆಕ್ಕದ ಪುಸ್ತಕ

ನಾನು ಸ್ವಲ್ಪ ನಿರಾಶಾವಾದಿ, ಮೊದಲೇ ಹೇಳಿಬಿಡುತ್ತೇನೆ. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು 10 ಮಂದಿ. 208 ಸ್ಥಾನಗಳಿದ್ದ 1962ರ ಮೈಸೂರು (ಈಗಿನ ಕರ್ನಾಟಕ) ವಿಧಾನಸಭೆಗೆ 18 ಮಹಿಳೆಯರು ಆಯ್ಕೆಯಾಗಿದ್ದರು. ಆಗ ಯಾವ ಮೀಸಲಾತಿಯೂ ಇರಲಿಲ್ಲ.

2023ರಲ್ಲಿ ಗೆದ್ದ ಆ 10 ಮಂದಿಯ ಹಿನ್ನೆಲೆಯನ್ನು ನೋಡಿ, ಹಲವರು ರಾಜಕಾರಣಿಗಳ ಮನೆಯವರು. ಕೆಜಿಎಫ್‌ನ ರೂಪಕಲಾ ಅವರು ಕೆ.ಎಚ್. ಮುನಿಯಪ್ಪನವರ ಮಗಳು, ಮೂಡಿಗೆರೆಯ ನಯನಾ ಅವರು ಮೋಟಮ್ಮನವರ ಮಗಳು, ಗುಲಬರ್ಗಾ ಉತ್ತರದ ಕನೀಜ್ ಫಾತಿಮಾ ಅವರು ಖಮರುಲ್ ಇಸ್ಲಾಂ ಅವರ ಪತ್ನಿ, ಮಹದೇವಪುರದ ಮಂಜುಳಾ ಅವರು ಅರವಿಂದ ಲಿಂಬಾವಳಿಯವರ ಪತ್ನಿ. ಪಕ್ಷೇತರರಾಗಿ ಗೆದ್ದ ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ್ ಅವರೂ ಎಂ.ಪಿ. ಪ್ರಕಾಶ್ ಅವರ ಮಗಳು. ಮುಂದೆ 2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯಲ್ಲಿ ಎರಡೂ ದೊಡ್ಡ ಪಕ್ಷಗಳು ಮಹಿಳೆಯರನ್ನೇ ನಿಲ್ಲಿಸಿದವು. ಒಬ್ಬರು ಸಚಿವರ ಪತ್ನಿ, ಇನ್ನೊಬ್ಬರು ಆಗಿನ ಸಂಸದರ ಪತ್ನಿ. ಇವರಲ್ಲಿ ಯಾರಿಗೂ ಯೋಗ್ಯತೆಯಿಲ್ಲವೆಂದು ನಾನು ಹೇಳುತ್ತಿಲ್ಲ, ಕೆಲವರು ಸದನದಲ್ಲಿ ಗಂಡಸರಿಗಿಂತ ಚೆನ್ನಾಗಿ ಮಾತನಾಡುತ್ತಾರೆ. ಆದರೆ ಪಂಚಾಯಿತಿಯಲ್ಲಿರುವ ಸಾವಿರಾರು ಮಹಿಳೆಯರಿಗೂ ಇವರಿಗೂ ನಡುವೆ ಏಣಿ ಎಲ್ಲಿದೆ ಎಂಬುದು ನನಗೆ ಕಾಣುವುದಿಲ್ಲ.

2023ರ ಸಂವಿಧಾನ ತಿದ್ದುಪಡಿ ಜಾರಿಗೆ ಬಂದರೆ ನಮ್ಮ ವಿಧಾನಸಭೆಯಲ್ಲಿ ಸುಮಾರು 75 ಸ್ಥಾನಗಳು ಮಹಿಳೆಯರಿಗೆ ಮೀಸಲಾಗುತ್ತವೆ. ಜನಗಣತಿ, ಆ ಮೇಲೆ ಕ್ಷೇತ್ರ ಪುನರ್ವಿಂಗಡಣೆ ಎಂಬ ಷರತ್ತುಗಳನ್ನು ಅದರಲ್ಲಿಯೇ ಬರೆದಿದ್ದಾರೆ. ಅವೆಲ್ಲ ಮುಗಿದ ದಿನ ಪಕ್ಷಗಳು 75 ಹೆಸರುಗಳಿಗಾಗಿ ತಮ್ಮ ಮಹಿಳಾ ಘಟಕಗಳ ಕಡೆ ನೋಡುತ್ತವೆಯೇ, ಹಾಲಿ ಶಾಸಕರ ಮನೆಗಳ ಕಡೆ ನೋಡುತ್ತವೆಯೇ? ನನ್ನ ಅನುಮಾನ ಎರಡನೆಯದರ ಕಡೆಗೆ.

ಹಳೆಯ ಕಾರ್ಯಕರ್ತೆ

ಲೆಕ್ಕದ ಪುಸ್ತಕದವರ ಲೆಕ್ಕ ಸರಿಯಿದೆ, ಆದರೆ ಅರ್ಧ ಲೆಕ್ಕ. ಉಳಿದ ಐದು ಮಂದಿಯನ್ನು ಅವರು ಬಿಟ್ಟಿದ್ದಾರೆ. ಲಕ್ಷ್ಮಿ ಹೆಬ್ಬಾಳ್ಕರ್ ಅವರು 2013ರಲ್ಲಿ ಬೆಳಗಾವಿ ಗ್ರಾಮೀಣದಲ್ಲಿ ಸೋತರು, 2014ರಲ್ಲಿ ಲೋಕಸಭೆಗೆ ನಿಂತು ಮತ್ತೆ ಸೋತರು. ರಾಜ್ಯ ಮಹಿಳಾ ಕಾಂಗ್ರೆಸ್ಸಿನ ಅಧ್ಯಕ್ಷೆಯಾಗಿ ಓಡಾಡಿ 2018ರಲ್ಲಿ ಅದೇ ಬೆಳಗಾವಿ ಗ್ರಾಮೀಣದಿಂದ ಗೆದ್ದರು, 2023ರಲ್ಲಿ ಪುನಃ ಗೆದ್ದು ಸಚಿವರಾದರು. ನಿಪ್ಪಾಣಿಯ ಶಶಿಕಲಾ ಜೊಲ್ಲೆಯವರನ್ನು ಸಂಸದರಾಗಿದ್ದವರ ಪತ್ನಿ ಎಂದು ಕರೆಯುವವರಿದ್ದಾರೆ, ಆದರೆ ಅವರು 2013ರಲ್ಲಿಯೇ ಶಾಸಕಿಯಾದವರು, ಪತಿ ಸಂಸದರಾದದ್ದು 2019ರಲ್ಲಿ. ಸುಳ್ಯದ ಭಾಗೀರಥಿ ಮುರುಳ್ಯ ಅವರು ಜಿಲ್ಲಾ ಪಂಚಾಯಿತಿ ಸದಸ್ಯೆಯಾಗಿದ್ದವರು. ಕಾರ್ಯದರ್ಶಿಗಳು ಹೇಳಿದ ಮಧ್ಯದ ಮೆಟ್ಟಿಲಿನಿಂದಲೇ ಬಂದವರು ಎಂದಾಯಿತಲ್ಲವೇ? ಹಾಗೆಯೇ, ರಾಜಕೀಯ ಮನೆತನದ ಆಸರೆಯಿಲ್ಲದೆ ಸಂಘಟನೆಯ ಕೆಲಸದಿಂದ ಬಂದ ಶೋಭಾ ಕರಂದ್ಲಾಜೆಯವರು ವಿಧಾನ ಪರಿಷತ್ತು, ವಿಧಾನಸಭೆ, ಲೋಕಸಭೆ ಮೂರನ್ನೂ ಕಂಡಿದ್ದಾರೆ. ಪಕ್ಷ ಯಾವುದೇ ಇರಲಿ, ದಾರಿ ಇದೆ. ಕಿರಿದಾಗಿದೆ ಅಷ್ಟೇ.

ಇನ್ನು ಕೆರೆಯಂಗಳದವರ ಪ್ರಶ್ನೆಗೆ ಬರುತ್ತೇನೆ. ಅಮ್ಮಾ, ನಾನು ಬಹಳ ಕಾಲ ಒಂದು ಪಕ್ಷದ ಮಹಿಳಾ ಘಟಕದಲ್ಲಿದ್ದೆ. ಆ ಘಟಕ ಮಾಡುವ ಕೆಲಸ ಯಾವುದು ಎಂದರೆ ಸಮಾವೇಶಕ್ಕೆ ಹೆಣ್ಣುಮಕ್ಕಳನ್ನು ಕರೆತರುವುದು, ವೇದಿಕೆಯ ಮೇಲೆ ಪೂರ್ಣಕುಂಭ ಹಿಡಿಯುವುದು, ಬೆಲೆ ಏರಿಕೆಯಾದಾಗ ಖಾಲಿ ಸಿಲಿಂಡರ್ ಇಟ್ಟು ಪ್ರತಿಭಟಿಸುವುದು. ಇವುಗಳಲ್ಲಿ ಯಾವುದೂ ಅವಮಾನದ ಕೆಲಸವಲ್ಲ. ಆದರೆ ಟಿಕೆಟ್ ಹಂಚಿಕೆಯ ಸಭೆಯಲ್ಲಿ ಮುಖಂಡರು ಕೇಳುವುದು ಬೇರೆಯೇ ಪ್ರಶ್ನೆಗಳನ್ನು: ಎಷ್ಟು ಬೂತ್ ನಿಮ್ಮ ಕೈಯಲ್ಲಿವೆ, ಕಳೆದ ಸಲ ಅಲ್ಲಿ ಎಷ್ಟು ಮತ ಬಂದಿತ್ತು, ಏಜೆಂಟರಾಗಿ ಕೂರುವವರು ಯಾರು, ಯಾವ ಸಮುದಾಯದ ಹಿರಿಯರು ನಿಮ್ಮ ಮಾತು ಕೇಳುತ್ತಾರೆ, ಎಷ್ಟು ಖರ್ಚು ಮಾಡಬಲ್ಲಿರಿ. ಸಮಾವೇಶಕ್ಕೆ ಬಸ್ಸು ತುಂಬಿಸಿಕೊಂಡು ಬಂದವಳ ಬಳಿ ಈ ಪ್ರಶ್ನೆಗಳಿಗೆ ಉತ್ತರವಿರುವುದಿಲ್ಲ, ಏಕೆಂದರೆ ಬೂತ್ ಸಮಿತಿಯ ಪಟ್ಟಿ ಇರುವುದು ಬ್ಲಾಕ್ ಅಧ್ಯಕ್ಷರ ಮೇಜಿನ ಖಾನೆಯಲ್ಲಿ.

ದೊಡ್ಡ ಪಕ್ಷಗಳು ತಮ್ಮ ಸಂಘಟನೆಯೊಳಗೆ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು ತಮ್ಮ ನಿಯಮಾವಳಿಯಲ್ಲಿಯೇ ಬರೆದುಕೊಂಡಿವೆ. ತಳಮಟ್ಟದಲ್ಲಿ ಆ ನಿಯಮ ಪಾಲನೆಯಾಗುವುದು ಹೆಚ್ಚಾಗಿ ಪಟ್ಟಿಯ ಕೊನೆಯಲ್ಲಿ, ಉಪಾಧ್ಯಕ್ಷೆ, ಕಾರ್ಯದರ್ಶಿ ಎಂಬ ಹೆಸರುಗಳಲ್ಲಿ. ಅವರಲ್ಲಿ ಕೆಲವರಿಗೆ ತಾವು ಆ ಹುದ್ದೆಯಲ್ಲಿದ್ದೇವೆಂಬುದು ಕರಪತ್ರ ನೋಡಿದ ಮೇಲೆಯೇ ತಿಳಿಯುತ್ತದೆ. ರಾತ್ರಿ ಸಭೆಯ ನೆಪವನ್ನಂತೂ ನಾನು ಒಪ್ಪುವುದಿಲ್ಲ. ಪಂಚಾಯಿತಿ ಅಧ್ಯಕ್ಷರ ಚುನಾವಣೆಗೆ ಮುನ್ನ ಸದಸ್ಯೆಯರನ್ನು ಊರು ಬಿಡಿಸಿ ಪ್ರವಾಸಕ್ಕೆ ಕರೆದೊಯ್ಯುವಾಗ ರಾತ್ರಿಯ ಚಿಂತೆ ಯಾರಿಗೂ ಬರುವುದಿಲ್ಲ, ಬ್ಲಾಕ್ ಸಮಿತಿಯ ಸಭೆಗೆ ಮಾತ್ರ ಬರುತ್ತದೆ. ಸಭೆಯನ್ನು ಹಗಲಿಗೆ ಇಟ್ಟುಕೊಳ್ಳಿ ಎಂದರೆ ಮುಗಿಯಿತು.

ನನ್ನ ಸಲಹೆ ಇಷ್ಟು: ಹುದ್ದೆಯನ್ನು ಒಪ್ಪಿಕೊಳ್ಳಿ, ಆದರೆ ಒಂದು ಷರತ್ತಿನ ಮೇಲೆ. ನೀವು ಸ್ಪರ್ಧಿಸಬೇಕೆಂದಿರುವ ಜಿಲ್ಲಾ ಪಂಚಾಯಿತಿ ಕ್ಷೇತ್ರದೊಳಗಿನ ಬೂತ್‌ಗಳಿಗೆ ನಿಮ್ಮನ್ನು ಉಸ್ತುವಾರಿಯನ್ನಾಗಿ ಮಾಡಬೇಕು, ಮತದಾರರ ಪಟ್ಟಿ ನಿಮ್ಮ ಕೈಗೆ ಬರಬೇಕು.

ಕೆರೆಯಂಗಳ

ಮೂವರಿಗೂ ಧನ್ಯವಾದಗಳು. ಪಕ್ಷರಹಿತ ಚುನಾವಣೆಯಿಂದ ನಮ್ಮ ಕೆಲಸ ಪಕ್ಷದ ಲೆಕ್ಕಕ್ಕೆ ಬರುವುದಿಲ್ಲವೆಂಬ ಅಂಶವನ್ನು ನಾನು ಈ ದೃಷ್ಟಿಯಿಂದ ಯೋಚಿಸಿರಲಿಲ್ಲ. ಎರಡು ಸಂಗತಿಗಳನ್ನು ಇನ್ನೂ ಕೇಳಬೇಕಿದೆ.

ಒಂದು, ಮೀಸಲಾತಿ ಬದಲಾಗುವ ವಿಚಾರ. ಜಿಲ್ಲಾ ಪಂಚಾಯಿತಿ ಕ್ಷೇತ್ರವೊಂದರಲ್ಲಿ ನಾನು ಇಷ್ಟೆಲ್ಲ ಕೆಲಸ ಮಾಡಿದ ಮೇಲೆ ಅದು ಮಹಿಳೆಗೆ ಮೀಸಲಾಗದೆ ಸಾಮಾನ್ಯ ಸ್ಥಾನವಾದರೆ ನನ್ನ ಗತಿಯೇನು? ನಮ್ಮ ಪಂಚಾಯಿತಿಯಲ್ಲಿ ಸಾಮಾನ್ಯ ಸ್ಥಾನಕ್ಕೆ ನಾನು ಮತ್ತೆ ನಿಲ್ಲುತ್ತೇನೆ ಎಂದಾಗ ನನ್ನ ಪರವಾಗಿದ್ದವರೇ, ‘ನಿಮ್ಮ ಸರದಿ ಮುಗಿಯಿತಲ್ಲ, ಈ ಸಲ ಗಂಡಸರದು’ ಎಂದರು. ಎರಡನೆಯದು ಹಣ. ವಿಧಾನಸಭೆಗೆ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಲು ಚುನಾವಣಾ ನಿಯಮವೇ ಅವಕಾಶ ಕೊಟ್ಟಿದೆ. ಅದು ಕಾಗದದ ಮೇಲಿನ ಮಿತಿ ಎಂಬುದು ಎಲ್ಲರಿಗೂ ಗೊತ್ತು. ಜಿಲ್ಲಾ ಪಂಚಾಯಿತಿಗೂ ಆಸ್ತಿಯಿಲ್ಲದ ಹೆಣ್ಣುಮಗಳು ನಿಲ್ಲುವುದು ಹೇಗೆ? ನನ್ನ ಹೆಸರಿನಲ್ಲಿ ಇರುವುದು ಒಂದು ಉಳಿತಾಯ ಖಾತೆ ಮತ್ತು ಸಂಘದ ಸಾಲ.

ಹಾಲಿನ ಡೇರಿ

ಸಹಕಾರ ಕ್ಷೇತ್ರದಲ್ಲಿ ಬಹುಕಾಲ ಇದ್ದವನಾಗಿ ಈ ಎರಡು ಪ್ರಶ್ನೆಗಳಿಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಮೊದಲು ಮೀಸಲಾತಿ. ಕಾನೂನಿನಲ್ಲಿ ಸಾಮಾನ್ಯ ಸ್ಥಾನ ಗಂಡಸರ ಸ್ಥಾನವಲ್ಲ, ಅದು ಯಾರು ಬೇಕಾದರೂ ಸ್ಪರ್ಧಿಸಬಹುದಾದ ಸ್ಥಾನ. ಕಡಿಮೆಯೆಂದರೆ ಇಷ್ಟು ಸ್ಥಾನ ಮಹಿಳೆಯರಿಗೆ ಇರಲೇಬೇಕು ಎಂಬುದು ಸಂವಿಧಾನದ ಆಶಯವಾಗಿತ್ತು. ಊರಿನವರು ಅದನ್ನು ಪಾಲು ಪಟ್ಟಿಯಂತೆ ಓದಿಕೊಂಡರು. ಪ್ರತಿ ಚುನಾವಣೆಗೂ ಮೀಸಲಾತಿ ಸುತ್ತುತ್ತದೆಯಾದ್ದರಿಂದ ಕೆಲಸ ಕಲಿತ ಸದಸ್ಯೆ ಕಲಿತ ಹೊತ್ತಿಗೆ ಹೊರಗೆ ಬರುತ್ತಾಳೆ. ಕಾಯ್ದೆಗೆ ತಿದ್ದುಪಡಿ ತಂದು ಒಂದೇ ಮೀಸಲಾತಿಯನ್ನು ಎರಡು ಅವಧಿಗೆ, ಅಂದರೆ ಹತ್ತು ವರ್ಷ ಉಳಿಸುವ ಏರ್ಪಾಡು ಮಾಡಿದ್ದರು. 2020ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ಇಳಿಸಿದರು, ಅಧ್ಯಕ್ಷರ ಅವಧಿಯನ್ನೂ ಐದು ವರ್ಷದಿಂದ 30 ತಿಂಗಳಿಗೆ ತಂದರು. ಹೆಚ್ಚು ಜನರಿಗೆ ಅವಕಾಶ ಸಿಗಲಿ ಎಂಬ ಸಮರ್ಥನೆ ಅದಕ್ಕಿದೆ. ನನ್ನ ಅಭಿಪ್ರಾಯದಲ್ಲಿ ಅದರಿಂದ ಆದದ್ದು ಅವಕಾಶದ ವಿಸ್ತರಣೆಗಿಂತ ಅನುಭವದ ನಷ್ಟ. ದಲಿತ, ಹಿಂದುಳಿದ ಸಮುದಾಯಗಳ ಮಹಿಳೆಯರ ಮಟ್ಟಿಗಂತೂ, ಒಮ್ಮೆ ಹೊರಬಿದ್ದರೆ ಸಾಮಾನ್ಯ ಸ್ಥಾನದಿಂದ ಮರಳುವುದು ಇನ್ನೂ ಕಷ್ಟ.

ಹೀಗಿರುವಾಗ ಒಂದೇ ಕ್ಷೇತ್ರವನ್ನು ನಂಬಿ ಕೂರುವುದು ಬೇಡ. ಪಕ್ಕದ ಕ್ಷೇತ್ರದಲ್ಲಿಯೂ ಓಡಾಟವಿರಲಿ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು ಯಾವ ಮಹಿಳಾ ಮೀಸಲಾತಿಯೂ ಇಲ್ಲದ ಕಾಲದಲ್ಲಿ ಗಂಡಸರನ್ನು ಸೋಲಿಸಿ ಮತ್ತೆ ಮತ್ತೆ ಗೆದ್ದು, 1972ರಿಂದ 1978ರವರೆಗೆ ವಿಧಾನಸಭಾಧ್ಯಕ್ಷರೂ ಆಗಿದ್ದರು. ಕಾಲ ಬದಲಾಗಿದೆ, ಖರ್ಚು ಬದಲಾಗಿದೆ, ಒಪ್ಪುತ್ತೇನೆ. ಆದರೂ ಸಾಮಾನ್ಯ ಸ್ಥಾನದಲ್ಲಿ ಹೆಣ್ಣು ನಿಲ್ಲುವುದು ಹೊಸ ಸಂಗತಿಯೇನೂ ಅಲ್ಲವೆಂದು ನಿಮ್ಮ ಮುಖಂಡರಿಗೆ ಹೇಳಬಹುದು.

ಹಣದ ವಿಚಾರ ಸ್ವಲ್ಪ ದೀರ್ಘವಾಗಿ ಹೇಳಬೇಕು. ಹಳ್ಳಿಯ ಗಂಡಸು ರಾಜಕಾರಣಿಯಾಗುವುದು ತನ್ನ ಜೇಬಿನ ಹಣದಿಂದ ಮಾತ್ರವಲ್ಲ. ಹಾಲು ಉತ್ಪಾದಕರ ಸಂಘದ ನಿರ್ದೇಶಕನಾಗುತ್ತಾನೆ, ಅಲ್ಲಿಂದ ಕೃಷಿ ಪತ್ತಿನ ಸಹಕಾರ ಸಂಘ, ಪಿಎಲ್‌ಡಿ (ಭೂ ಅಭಿವೃದ್ಧಿ) ಬ್ಯಾಂಕು, ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ), ಕೊನೆಗೆ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕು ಅಥವಾ ಹಾಲು ಒಕ್ಕೂಟ. ಬೆಳೆ ಸಾಲ ಯಾರಿಗೆ ಬೇಗ ಸಿಗಬೇಕು, ಯಾವ ಊರಿಗೆ ಶೀತಲೀಕರಣ ಘಟಕ ಬರಬೇಕು, ಕಾರ್ಯದರ್ಶಿಯಾಗಿ ಯಾರ ಮಗ ಸೇರಬೇಕು ಎಂಬುದರಲ್ಲಿ ಅವನ ಮಾತು ನಡೆಯುತ್ತದೆ. ಹಾಗೆ ಉಪಕಾರ ಪಡೆದವರು ಚುನಾವಣೆಯಲ್ಲಿ ಅವನ ಪರವಾಗಿ ಓಡಾಡುತ್ತಾರೆ, ಅವನ ಖರ್ಚಿನಲ್ಲಿ ಒಂದು ಪಾಲನ್ನು ಹೊರುತ್ತಾರೆ. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಬಿಟ್ಟುಕೊಟ್ಟ ಗಂಡಸರು ಈ ಸಂಸ್ಥೆಗಳನ್ನು ಬಿಟ್ಟುಕೊಟ್ಟಿಲ್ಲ. ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಇರುವುದು ಎರಡು ಸ್ಥಾನ. ಮನೆಯಲ್ಲಿ ಹಸು ಕಟ್ಟುವುದು, ಹುಲ್ಲು ತರುವುದು, ಹಾಲು ಕರೆಯುವುದು ಹೆಂಗಸರು. ಸಂಘದ ಷೇರು ಇರುವುದು ಬಹುತೇಕ ಗಂಡಸರ ಹೆಸರಿನಲ್ಲಿ, ಷೇರು ಇಲ್ಲದವರಿಗೆ ಮತವೂ ಇಲ್ಲ. ಮಹಿಳೆಯರೇ ಸದಸ್ಯರಾಗಿರುವ ಮಹಿಳಾ ಹಾಲು ಉತ್ಪಾದಕರ ಸಂಘಗಳೂ ನಮ್ಮಲ್ಲಿವೆ. ಅಂಥ ಸಂಘದ ಅಧ್ಯಕ್ಷೆಯ ಮಾತಿಗೆ ಒಕ್ಕೂಟದ ಚುನಾವಣೆಯ ಹೊತ್ತಿನಲ್ಲಿ ಬರುವ ತೂಕವನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಮೊದಲು ನಿಮ್ಮ ಹೆಸರಿನಲ್ಲಿ ಷೇರು ಮಾಡಿಸಿಕೊಳ್ಳಿ, ನಿಮ್ಮ ಸ್ವಸಹಾಯ ಸಂಘದವರಿಗೂ ಮಾಡಿಸಿ.

ಸ್ವಸಹಾಯ ಸಂಘದ ಬಲವನ್ನು ಪಕ್ಷವೊಂದು ಗಂಭೀರವಾಗಿ ಪರಿಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾದ ಉದಾಹರಣೆಯಿದೆ. 2019ರಲ್ಲಿ ಬಿಜು ಜನತಾ ದಳ 21 ಲೋಕಸಭಾ ಕ್ಷೇತ್ರಗಳಲ್ಲಿ 7ರಲ್ಲಿ ಮಹಿಳೆಯರನ್ನು ನಿಲ್ಲಿಸಿತು, ಐದು ಮಂದಿ ಗೆದ್ದರು. ಅಸ್ಕಾ ಕ್ಷೇತ್ರದಿಂದ ಗೆದ್ದ ಪ್ರಮೀಳಾ ಬಿಸೋಯಿ ಅವರು ಸ್ವಸಹಾಯ ಸಂಘದ ನಾಯಕಿ. ಆದರೆ ಅದು ಪಕ್ಷದ ವರಿಷ್ಠರೊಬ್ಬರು ಮೇಲಿನಿಂದ ತೆಗೆದುಕೊಂಡ ತೀರ್ಮಾನ. ನಮ್ಮಲ್ಲಿ ಟಿಕೆಟ್ ಹಂಚಿಕೆಯಲ್ಲಿ ಸ್ಥಳೀಯ ಶಾಸಕರ ಮಾತಿಗೆ ಇರುವ ಬೆಲೆಯನ್ನು ನೋಡಿದರೆ, ಅಂಥ ತೀರ್ಮಾನವೇ ಆದರೂ ತಾಲ್ಲೂಕಿಗೆ ಇಳಿಯುವಷ್ಟರಲ್ಲಿ ಎಷ್ಟು ಉಳಿದಿರುತ್ತದೋ.

ನಿವೃತ್ತ ಕಾರ್ಯದರ್ಶಿ

ಡೇರಿಯವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಆರಿಸುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು, ಅಂದರೆ ಮೇಡಂ ಅವರಂಥವರು. ಆ ಮತದಾರರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರಿದ್ದೂ ಗೆದ್ದು ಬರುವವರಲ್ಲಿ ಗಂಡಸರದೇ ಮೇಲುಗೈ. ಅಷ್ಟೇ ಅಲ್ಲ, ಮತ ಕೇಳಲು ಬಂದ ಅಭ್ಯರ್ಥಿಗಳು ಸದಸ್ಯೆಯ ಮನೆಗೆ ಬಂದು ಆಕೆಯ ಪತಿಯೊಡನೆ ಮಾತನಾಡಿ ಹೋಗುವುದನ್ನು ನನ್ನ ಸೇವಾವಧಿಯಲ್ಲಿ ಬಹಳ ಕಂಡಿದ್ದೇನೆ. ತಾಲ್ಲೂಕಿನ ಸದಸ್ಯೆಯರು ಒಟ್ಟಾಗಿ ಕುಳಿತು, ನಮ್ಮ ಮತ ಬೇಕಾದರೆ ಬ್ಲಾಕ್ ಸಮಿತಿಯಲ್ಲಿ ಇಷ್ಟು ಸ್ಥಾನ ಕೊಡಿ ಎಂದು ಕೇಳಿದರೆ, ಪಕ್ಷಗಳಿಗೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಈ ಚುನಾವಣೆಯ ಮುನ್ನಾ ತಿಂಗಳುಗಳಷ್ಟು ಒಳ್ಳೆಯ ಸಮಯ ಪಂಚಾಯಿತಿ ಸದಸ್ಯೆಯರಿಗೆ ಬೇರೆ ಸಿಗುವುದಿಲ್ಲ.

ಲೆಕ್ಕದ ಪುಸ್ತಕ

ಇದು ನನಗೆ ಹೊಳೆದಿರಲಿಲ್ಲ. ಆದರೂ ಒಂದು ಅನುಮಾನ: ಸದಸ್ಯೆಯರು ಪಕ್ಷಭೇದ, ಜಾತಿಭೇದ ಬಿಟ್ಟು ಒಟ್ಟಾಗಿ ಕೂರುತ್ತಾರೆಯೇ? ಗಂಡಸರೇ ಕೂರುವುದಿಲ್ಲ.

ಹಳೆಯ ಕಾರ್ಯಕರ್ತೆ

ಎಲ್ಲರೂ ಕೂರುವುದಿಲ್ಲ. ಒಂದೇ ಪಕ್ಷದ ಬೆಂಬಲದಿಂದ ಗೆದ್ದವರು ಕೂತರೂ ಸಾಕು, ಬೇಡಿಕೆ ಇಡುವುದು ಆ ಪಕ್ಷದ ಮುಂದೆಯೇ ಅಲ್ಲವೇ.

ಕೆರೆಯಂಗಳದವರೇ, ಮುಖಂಡರನ್ನು ಮತ್ತೆ ಭೇಟಿಯಾಗಲು ಒಬ್ಬರೇ ಹೋಗಬೇಡಿ. ಅಕ್ಕಪಕ್ಕದ ಪಂಚಾಯಿತಿಗಳ ನಾಲ್ಕಾರು ಸದಸ್ಯೆಯರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಅವಧಿಯಲ್ಲಿ ಯಾವ ಬೂತಿನ ವ್ಯಾಪ್ತಿಯಲ್ಲಿ ಯಾವ ಕೆಲಸವಾಯಿತು, ಅಲ್ಲಿ ನಿಮಗೆ ಪರಿಚಯವಿರುವ ಮನೆಗಳೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿರಿ. ಮಹಿಳಾ ಘಟಕದ ನೇಮಕ ಪತ್ರದ ಜೊತೆಗೆ ಬ್ಲಾಕ್ ಸಮಿತಿಯ ಸದಸ್ಯತ್ವದ ಪತ್ರವನ್ನೂ ಕೇಳಿ. ಬಾಯಿಮಾತಿನಲ್ಲಿ ‘ಆಯಿತಮ್ಮ, ನೋಡೋಣ’ ಎಂದರೆ ಪತ್ರ ಕೈಗೆ ಬರುವವರೆಗೆ ಮೊದಲಿನ ಹುದ್ದೆಯನ್ನೂ ಒಪ್ಪಿಕೊಳ್ಳಬೇಡಿ.